ಯಂತ್ರದ ಒಡಲೊಳಗೆ ಕ್ಯಾಮೆರಾ

ಪಾತ್ರೆ ತೊಳೆಯುವ ಯಂತ್ರಕ್ಕೊಂದು ವಿಚಿತ್ರ ಸ್ವಭಾವವುಂಟು. ಬಾಗಿಲು ಮುಚ್ಚಿದ್ದರೆ ಮಾತ್ರ ಅದರ ಕೆಲಸ, ತೆರೆದೊಡನೆ ನಿಂತುಬಿಡುತ್ತದೆ. ಹುಳಿಯ ಪಾತ್ರೆ ಜಿಡ್ಡಾಗಿಯೇ ಹೊರಬಂದರೆ ತಪ್ಪು ಯಾರದು? ಜೋಡಿಸಿದ್ದು ಸರಿಯಿಲ್ಲವೆಂದು ಯಜಮಾನರು, ಯಂತ್ರವೇ ಕೆಟ್ಟಿತೆಂದು ಗೃಹಿಣಿ, ಪಂಪು ಬದಲಾಯಿಸಬೇಕೆಂದು ಮೆಕ್ಯಾನಿಕ್. ಒಳಗೆ ನಡೆದುದನ್ನು ಕಂಡವರು ಮಾತ್ರ ಯಾರೂ ಇಲ್ಲ.

1886ರಲ್ಲಿ ಇಂತಹ ಯಂತ್ರಕ್ಕೆ ಪೇಟೆಂಟ್ ಪಡೆದ ಅಮೆರಿಕದ ಜೋಸೆಫೀನ್ ಕಾಕ್ರೇನ್ ನಂಬಿದ್ದು ನೀರಿನ ರಭಸವನ್ನು. ಇಂದಿನ ಯಂತ್ರಕ್ಕೂ ಅದೇ ಆಧಾರ. ಅದು ಹಂಡೆಯಂತೆ ತುಂಬಿಕೊಳ್ಳುವುದೆಂದು ಅನೇಕರ ಭಾವನೆ, ಹಾಗಿಲ್ಲ. ತಳದಲ್ಲಿ ನಿಂತ ಕೆಲವೇ ಲೀಟರು ನೀರನ್ನು ಪಂಪು ಮತ್ತೆ ಮತ್ತೆ ಮೇಲೆತ್ತುತ್ತದೆ. ಆ ನೀರು ತೋಳಿನ ರಂಧ್ರಗಳಿಂದ ಓರೆಯಾಗಿ ಚಿಮ್ಮುವ ಬಿರುಸಿಗೆ ತೋಳು ತಾನೇ ತಿರುಗುತ್ತದೆ. ರಂಧ್ರದಲ್ಲಿ ಸಾಸಿವೆ ಕಾಳು ಸಿಕ್ಕಿತೋ, ಸೌಟಿನ ಹಿಡಿ ಅಡ್ಡ ಬಂದಿತೋ, ತಿರುಗಾಟಕ್ಕೆ ಕುತ್ತು.

ನೀರು ಹೊಗದ ಪುಟ್ಟ ಕ್ಯಾಮೆರಾವನ್ನು, ಅಂತಹುದೇ ದೀಪದೊಡನೆ, ಬುಟ್ಟಿಯ ಮೂಲೆಯಲ್ಲಿ ಬಿಗಿದು ಯಂತ್ರವನ್ನು ನಡೆಸುವವರು ಈಗ ಉಂಟು. ದೀಪ ಬೇಕೇ ಬೇಕು, ಒಳಗೆ ಅಮಾವಾಸ್ಯೆ. ತಣ್ಣೀರಿನ ಮೊದಲ ಸುತ್ತಷ್ಟೇ ಸಾಕು; 60 ಡಿಗ್ರಿಯ ಬಿಸಿನೀರು ಬ್ಯಾಟರಿಗೆ ಆಗದು. ಎರಡು ನಿಮಿಷದ ಚಿತ್ರದಲ್ಲಿ ತೋಳಿನ ಗುಟ್ಟು ರಟ್ಟಾಗುತ್ತದೆ. ಅಡ್ಡಿ ಸೌಟಿನದಾದರೆ ಅದರ ಸ್ಥಳ ಬದಲಿಸಿದರಾಯಿತು. ರಂಧ್ರ ಕಟ್ಟಿದ್ದರೆ ಗುಂಡುಸೂಜಿ ಸಾಕು. ನೀರೇ ಸೊರಗಿ ಬರುತ್ತಿದ್ದರೆ ಮೊದಲು ತಳದ ಜಾಲರಿಯನ್ನು ತೊಳೆಯಬೇಕು. ಆಮೇಲೂ ಸರಿಹೋಗದಿದ್ದರೆ ಮೆಕ್ಯಾನಿಕ್ ಬರಲಿ; ಪಂಪಿನ ಬೆಲೆ ಹೇಳುವ ಮುನ್ನ ಆತನೂ ಆ ಚಿತ್ರವನ್ನೊಮ್ಮೆ ನೋಡಲಿ.