ಕಿರುಪಾತ್ರೆಗಳ ಹಿರಿಮೆ

ದೊಡ್ಡದನ್ನು ಕಂಡು ಬೆರಗಾಗುವುದು ಮನುಷ್ಯನ ಸ್ವಭಾವ. ಚಿಕ್ಕದನ್ನು ಕಂಡು ಮರುಳಾಗುವುದೂ ಅವನ ಸ್ವಭಾವವೇ. ಹರಪ್ಪದ ನೆಲದಲ್ಲಿ ಸುಟ್ಟ ಮಣ್ಣಿನ ಆಟದ ಬಂಡಿಗಳು ದೊರೆತಿವೆ. ನಮ್ಮ ಚನ್ನಪಟ್ಟಣದ ಕುಶಲಿಗಳು ಮರವನ್ನು ಕಡೆದು, ಅರಗಿನ ಬಣ್ಣವೇರಿಸಿ, ಮಕ್ಕಳ ಅಡಿಗೆ ಆಟದ ಪುಟ್ಟ ಸಾಮಾನುಗಳನ್ನು ಮಾಡುತ್ತ ಬಂದಿದ್ದಾರೆ. ಇಂಗ್ಲೆಂಡಿನ ರಾಣಿ ಮೇರಿಗಾಗಿ 1921ರಿಂದ 1924ರವರೆಗೆ ಕಟ್ಟಿದ ಬೊಂಬೆಮನೆಯನ್ನು ನಿಜವಾದ ಮನೆಯ ಹನ್ನೆರಡನೆಯ ಒಂದು ಪಾಲಿನ ಅಳತೆಯಲ್ಲಿ ರಚಿಸಿದರು. ಹೀಗಿರುವಾಗ ನಮ್ಮ ಸಹಪಾಠಿಗಳು ಪಾಲಿಮರ್ ಕ್ಲೇ ಎಂಬ ಜೇಡಿಯಲ್ಲಿ ಉಗುರಿನಗಲದ ಕಪ್ಪು-ಬಸಿಗಳನ್ನು ಮಾಡಿ ಬಣ್ಣ ಬಳಿಯುವುದನ್ನು ಕಂಡು 'ಇದೇನು ಮಕ್ಕಳಾಟ!' ಎಂದು ನಗುವುದು ಉಚಿತವಲ್ಲ.

ಹೆಸರಿಗೆ ಜೇಡಿಯಾದರೂ ಇದು ಮಣ್ಣಲ್ಲ. ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ಕಿಗೆ, ಅದನ್ನು ಮೆದುವಾಗಿರಿಸುವ ದ್ರವವನ್ನೂ ಬಣ್ಣವನ್ನೂ ಕೂಡಿಸಿ ನಾದಿದ ಕಣಕ. ಇದಕ್ಕೆ ಕುಂಬಾರನ ಆವಿಗೆ ಬೇಡ. ಪೊಟ್ಟಣದ ಮೇಲೆ ಬರೆದಂತೆ ಸುಮಾರು 110ರಿಂದ 130 ಡಿಗ್ರಿ ಸೆಂಟಿಗ್ರೇಡಿನಲ್ಲಿ ಅರ್ಧ ಗಂಟೆ ಒಲೆಪೆಟ್ಟಿಗೆಯಲ್ಲಿಟ್ಟರೆ ಗಟ್ಟಿಯಾಗುತ್ತದೆ. ಶಾಖ ಮಿತಿಮೀರಿ ಕರಕಾದರೆ ವಿಷದ ಹೊಗೆ ಏಳುವುದುಂಟು. ಆರಿದ ಮೇಲೆ ಅಕ್ರಿಲಿಕ್ ಬಣ್ಣ ಹಚ್ಚಬಹುದು. ಅದರಲ್ಲಿ ಉಣ್ಣುವುದು ಮಾತ್ರ ಸಲ್ಲದು. ಆದಕಾರಣ ಇದನ್ನು ಕುಂಬಾರಿಕೆಗೆ ಸಮನೆಂದು ಯಾರೂ ಭ್ರಮಿಸಬೇಕಾಗಿಲ್ಲ.

ಆದರೆ ನನ್ನ ತಕರಾರು ಜೇಡಿಯ ಮೇಲಲ್ಲ, ಆಕಾರದ ಮೇಲೆ. ಎಲ್ಲರೂ ಮಾಡುವುದು ಗುಲಾಬಿ ಹೂ ಬರೆದ ಟೀಪಾಟು, ಕೇಕಿನ ಪೀಠ, ಚಿನ್ನದಂಚಿನ ಬಸಿ. ನಮ್ಮ ವಸ್ತಾರೆಯ ಸುತ್ತಿನ ಕಾಫಿ ನಾಡಿನಲ್ಲಿ ಎಷ್ಟು ಮನೆಗಳ ಒಲೆಯ ಬಳಿ ಇವು ಕಾಣುತ್ತವೆ? ಒತ್ತುಶ್ಯಾವಿಗೆಯ ಒರಳು, ರೊಟ್ಟಿಯ ಕಾವಲಿ, ಬಚ್ಚಲ ಹಂಡೆ, ಉಪ್ಪಿನಕಾಯಿಯ ಜಾಡಿ, ಮೀನುಸಾರಿನ ಮಡಕೆ, ಇವುಗಳಿಗೆ ಕಿರುರೂಪ ತಾಳುವ ಯೋಗ್ಯತೆ ಇಲ್ಲವೇ?

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಅವ್ವ ತೋಟದ ಕೆಲಸಕ್ಕೆ ಹೋಗುತ್ತಾಳೆ. ಅವಳ ಬುತ್ತಿಯ ಅಲ್ಯೂಮಿನಿಯಂ ಡಬ್ಬಿಯ ಮುಚ್ಚಳ ನೆಗ್ಗಿದೆ. ಬೆಲ್ಲದ ಕಾಫಿ ಕಾಸುವ ಪಾತ್ರೆಯ ತಳ ಮಸಿಗಟ್ಟಿದೆ. ಅಜ್ಜಿಯ ಕಾಲದ ಮಡಕೆ ಅಟ್ಟ ಸೇರಿದೆ. ಬಂಗಲೆಯ ಹಳೆಯ ಪಿಂಗಾಣಿಗೆ ಗಾಜಿನ ಬೀರು ದೊರೆಯುತ್ತದೆ. ಆ ಬಂಗಲೆಗೆ ಕಾಫಿ ಹಣ್ಣು ಕುಯ್ದು ಕೊಟ್ಟವರ ಲೋಟಕ್ಕೆ ದೊರೆಯುವುದು ಗುಜರಿಯವನ ತಕ್ಕಡಿ. ಪಾತ್ರೆಯೊಡನೆ ಅದರ ಹೆಸರೂ ಹೋಗುತ್ತದೆ. ಹರವಿಗೂ ಗುಡಾಣಕ್ಕೂ, ಕುಡಿಕೆಗೂ ಮೊಗೆಗೂ ಇರುವ ಭೇದವನ್ನು ನಮ್ಮ ತರಗತಿಯಲ್ಲಿ ಎಷ್ಟು ಮಂದಿ ಬಲ್ಲೆವು?

ಕಿರುಪಾತ್ರೆ ಮಾಡುವವರು ಮೊದಲು ಹಿರಿಯ ಪಾತ್ರೆಯನ್ನು ನೋಡಲೇಬೇಕು. ಹನ್ನೆರಡು ಅಂಗುಲದ ಮಡಕೆಯನ್ನು ಒಂದು ಅಂಗುಲಕ್ಕೆ ಇಳಿಸಬೇಕಾದರೆ ಅದರ ಕಂಠವೆಷ್ಟು, ಹೊಟ್ಟೆಯೆಷ್ಟು ಎಂದು ಅಳೆಯಬೇಕು. ಕೂದಲೆಳೆಯಷ್ಟು ತಪ್ಪಿದರೂ ಮಡಕೆ ಹೂಜಿಯಾಗುತ್ತದೆ. ಗುಲಾಬಿಯನ್ನು ಬರೆಯಲು ಮಾದರಿಗಳು ಬೇಕಾದಷ್ಟಿವೆ. ತಳದಲ್ಲಿ ದಟ್ಟವಾಗಿ ಹತ್ತಿ, ಹೊಟ್ಟೆಯ ಬಳಿ ತೆಳುವಾಗುವ ಒಲೆಯ ಮಸಿಯನ್ನು ಬರೆಯಲು ಅಡಿಗೆಮನೆಯೇ ಮಾದರಿ. ಮಸಿ ಬಳಿಯುವುದೆಂದರೆ ಲೋಕದಲ್ಲಿ ಅವಮಾನ. ಇಲ್ಲಿ ಮಾತ್ರ ಅದು ದುಡಿದ ಕೈಗೆ ಸಲ್ಲಿಸುವ ಗೌರವ.

ಮಣ್ಣಿನ ಮಡಕೆಯನ್ನು ಪ್ಲಾಸ್ಟಿಕ್ಕಿನಲ್ಲಿ ಅಚ್ಚಿಳಿಸುವುದು ವಿಪರ್ಯಾಸವಲ್ಲವೇ ಎಂದು ಕೆಲವರು ಕೇಳಬಹುದು. ಆಕ್ಷೇಪಣೆ ನ್ಯಾಯವಾದುದೇ. ಕುಂಬಾರನಿರುವ ಊರಿನಲ್ಲಿ ಪುಟ್ಟ ಕುಡಿಕೆಯನ್ನು ಅವನಿಂದಲೇ ಕೊಳ್ಳುವುದು ಲೇಸು. ಅಲ್ಯೂಮಿನಿಯಂ ಡಬ್ಬಿಯನ್ನೂ ಹಿತ್ತಾಳೆಯ ಹಂಡೆಯನ್ನೂ ಮನೆಯಲ್ಲೇ ಕೈಯಾರೆ ಕಿರಿದಾಗಿಸಲು ಈ ಜೇಡಿ ಸಾಕು. ನಾವು ಮಾಡುವುದು ಮಾರಾಟದ ಸರಕಲ್ಲ, ನೆನಪಿನ ದಾಖಲೆ.

ಶೂದ್ರಕನ 'ಮೃಚ್ಛಕಟಿಕ'ದಲ್ಲಿ ಚಾರುದತ್ತನ ಮಗ, ನೆರೆಮನೆಯ ಹುಡುಗನ ಚಿನ್ನದ ಬಂಡಿಗಾಗಿ ಹಟ ಹಿಡಿದು ಅಳುತ್ತಾನೆ. ಅವನಿಗಿದ್ದುದು ಮಣ್ಣಿನ ಬಂಡಿ. ವಸಂತಸೇನೆ ಕನಿಕರಿಸಿ ತನ್ನ ಒಡವೆಗಳನ್ನು ಅದರಲ್ಲಿ ತುಂಬುತ್ತಾಳೆ. ಆದರೂ ಕವಿ ನಾಟಕಕ್ಕೆ ಹೆಸರಿಟ್ಟುದು ಮಣ್ಣಿನ ಬಂಡಿಯದೇ. ನೆರೆಮನೆಯ ಚಿನ್ನದಂಚಿನ ಬಸಿಯನ್ನೇ ನೋಡುತ್ತಿರುವ ನಾವು ಇದನ್ನು ಗಮನಿಸತಕ್ಕುದು.

ಆದುದರಿಂದ ನನ್ನ ವಿನಂತಿ ಇಷ್ಟೇ. ಮುಂದಿನ ಕಾಲೇಜು ವಾರ್ಷಿಕೋತ್ಸವಕ್ಕೆ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಒಂದೊಂದು ಪಾತ್ರೆಯನ್ನು ಅಂಗುಲದಳತೆಯಲ್ಲಿ ಮಾಡಿ ತರಲಿ. ತಾಯಿಯನ್ನೋ ಅಜ್ಜಿಯನ್ನೋ ಕೇಳಿ ಅದರ ಹೆಸರನ್ನೂ ಉಪಯೋಗವನ್ನೂ ಚೀಟಿಯಲ್ಲಿ ಬರೆಯಲಿ. ಬಹುಮಾನದ ಕಪ್ಪುಗಳಿರುವ ಗಾಜಿನ ಬೀರುವಿನಲ್ಲಿ ಒಂದು ಅಂತಸ್ತನ್ನು ಇವುಗಳಿಗೆ ಬಿಟ್ಟುಕೊಡಬೇಕೆಂದು ಅಧ್ಯಾಪಕ ವೃಂದವನ್ನು ಪ್ರಾರ್ಥಿಸುತ್ತೇನೆ. ನಮ್ಮ ತಂದೆತಾಯಿಯರು ಕಾಲೇಜಿಗೆ ಬಂದಾಗ, ತಮ್ಮ ಮನೆಯದೆಂದು ಬೆರಳಿಟ್ಟು ತೋರಿಸುವ ವಸ್ತುವೊಂದು ಅಲ್ಲಿರಲಿ.