ಕಂಪ್ರೆಸ್ ಲಿಂಕ್ ಹಾಕೋ ಮಹಾನುಭಾವರಿಗೆ (ಭಾಗ 4)

ಪ್ರಾಜೆಕ್ಟ್ ರಿಪೋರ್ಟನ್ನ ವರ್ಡ್‌ನಿಂದ ಗೂಗಲ್ ಡಾಕ್ಸ್‌ಗೆ ಹಾಕೋಕೆ ಹೋದ್ರೆ ಫೈಲ್ ದೊಡ್ಡದು ಅಂತ ಎರರ್. ಮಿತಿ 50 ಎಂಬಿ, ನಮ್ಮದು 68. ತಕ್ಷಣ ಗ್ರೂಪಲ್ಲಿ ಯಾವುದೋ ಫ್ರೀ ಕಂಪ್ರೆಸ್ ಸೈಟಿನ ಲಿಂಕ್ ಬಿತ್ತು.

ಅಲ್ರೋ, ಆ ರಿಪೋರ್ಟಲ್ಲಿ ಇರೋದು ಯಾರ ಬಿಲ್ಲು? ನಮ್ಮನ್ನ ನಂಬಿ ಜಿಎಸ್‌ಟಿ ಲೆಕ್ಕ ಕೊಟ್ಟ ಅಂಗಡಿ ಅಂಕಲ್‌ದು! ಅದನ್ನ ಹೆಸರು ಊರು ಗೊತ್ತಿಲ್ಲದವರ ಸರ್ವರ್‌ಗೆ ಏರಿಸ್ತೀರಾ?

ನಲವತ್ತು ಪುಟದ ಬರೀ ಅಕ್ಷರ ಒಂದು ಎಂಬಿನೂ ಆಗಲ್ಲ. ಭಾರ ಎಲ್ಲ ಮೊಬೈಲಲ್ಲಿ ತೆಗೆದು ಅಂಟಿಸಿದ ಬಿಲ್ ಫೋಟೊಗಳದ್ದು. ಮೂಲೆ ಎಳೆದು ಚಿಕ್ಕದು ಮಾಡಿದ್ರೆ ನೋಡೋಕಷ್ಟೇ ಚಿಕ್ಕದು.

ಮೊದಲು ಒಂದು ಕಾಪಿ ಇಟ್ಕೊಳ್ಳಿ. ಲ್ಯಾಪ್‌ಟಾಪ್ ವರ್ಡಲ್ಲಿ ಫೋಟೊ ಒತ್ತಿ, ಪಿಕ್ಚರ್ ಫಾರ್ಮ್ಯಾಟ್, ಕಂಪ್ರೆಸ್ ಪಿಕ್ಚರ್ಸ್, 150 ಪಿಪಿಐ. 'ಈ ಫೋಟೊಗೆ ಮಾತ್ರ' ಅನ್ನೋ ಟಿಕ್ ತೆಗೀರಿ, ಇಲ್ಲಾಂದ್ರೆ ಒಂದೇ ಫೋಟೊ ಇಳಿಯೋದು. ನಮ್ಮದು 6 ಎಂಬಿಗೆ ಬಂತು.

ಲಿಂಕ್ ಹಾಕಿದವನೇ, ಡಿಲೀಟ್ ಮಾಡು ಮಾರಾಯ.