ಗೂಡು ಬಿಟ್ಟ ಮರಿ

ವೈಶಾಖದ ಬಿಸಿಲೇರುತ್ತಿರುವಂತೆ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಳೆಯ ಮನೆಗಳ ಅಂಗಳದಲ್ಲಿ ಒಂದು ದೃಶ್ಯವು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ದಾಸವಾಳದ ಗಿಡದ ಬುಡದಲ್ಲಿ ಮೋಟು ಬಾಲದ ಹಕ್ಕಿಮರಿಯೊಂದು ಕುಳಿತಿರುತ್ತದೆ. ಮಕ್ಕಳು ಅದನ್ನೆತ್ತಿ ತಂದು ರಟ್ಟಿನ ಪೆಟ್ಟಿಗೆಯಲ್ಲಿರಿಸುತ್ತಾರೆ. ಹಿರಿಯರು ಹಾಲಿನಲ್ಲದ್ದಿದ ಬ್ರೆಡ್ಡಿನ ಚೂರನ್ನು ಅದರ ಬಾಯಿಗಿಡುತ್ತಾರೆ. ಎಷ್ಟೋ ವೇಳೆ ಬೆಳಗಾಗುವುದರೊಳಗೆ ಮರಿಯು ಅಸುನೀಗಿರುತ್ತದೆ. ಕರುಣೆಯಿಂದ ಆರಂಭವಾದ ಕಾರ್ಯವು ಹೀಗೇಕೆ ಮುಗಿಯುತ್ತದೆಂಬುದನ್ನು ಪ್ರತಿಯೊಂದು ಕುಟುಂಬವೂ ತಿಳಿದಿರುವುದು ಒಳಿತು.

ಇಂತಹ ಮರಿಯು ಅನೇಕ ಸಲ ಪಿಕಳಾರದ್ದಾಗಿರುತ್ತದೆ. ಬುಲ್‌ಬುಲ್ ಎಂದು ನಾವು ಕರೆಯುವ ಜುಟ್ಟಿನ ಹಕ್ಕಿಯೇ ಇದು. ಹೂಗಿಡದ ಕವಲಿನಲ್ಲಿ, ಬಾಗಿಲ ಬಳ್ಳಿಯಲ್ಲಿ ಬಟ್ಟಲಿನಂತಹ ಗೂಡನ್ನು ಕಟ್ಟುತ್ತದೆ. ಮೊಟ್ಟೆಯಿಂದ ಹೊರಬಂದ ಮರಿಗೆ ಕಣ್ಣು ತೆರೆದಿರುವುದಿಲ್ಲ, ಮೈಮೇಲೆ ಗರಿಯಿರುವುದಿಲ್ಲ. ತಂದೆತಾಯಿಗಳೆರಡೂ ಹಗಲೆಲ್ಲ ಹಾರಾಡಿ ಗುಟುಕು ತರುತ್ತವೆ. ಹಣ್ಣನ್ನು ಮೆಚ್ಚಿ ತಿನ್ನುವ ಪಿಕಳಾರವೂ, ಕಾಳು ಹೆಕ್ಕುವ ಗುಬ್ಬಿಯೂ ಮರಿಗಳಿಗೆ ಹುಳುಹುಪ್ಪಟೆಗಳನ್ನೇ ಹೆಚ್ಚಾಗಿ ಉಣಿಸುತ್ತವೆ. ಬೆಳೆಯುವ ದೇಹಕ್ಕೆ ಬೇಕಾದ ಪುಷ್ಟಿ ಅದರಲ್ಲಿದೆ. ಹಾಲನ್ನು ಅರಗಿಸಿಕೊಳ್ಳುವ ಶಕ್ತಿ ಹಕ್ಕಿಯ ಜಠರಕ್ಕಿಲ್ಲ. ನಾಲಗೆಯ ಹಿಂಬದಿಯಲ್ಲೇ ಶ್ವಾಸನಾಳದ ಬಾಯಿ ಇರುವುದರಿಂದ, ನಾವು ಹನಿಸಿದ ನೀರು ಸಹ ಅಲ್ಲಿಗಿಳಿದು ಪ್ರಾಣಕ್ಕೆ ಎರವಾಗಬಹುದು.

ಪಿಕಳಾರದ ಮರಿ ಸುಮಾರು 12 ದಿನಗಳಲ್ಲಿ ಗೂಡು ಬಿಡುತ್ತದೆ. ಮರದ ಪೊಟರೆಯಲ್ಲಿ ಬೆಳೆಯುವ ಗಿಳಿಯ ಮರಿಯಾದರೋ 6–7 ವಾರ ಒಳಗೇ ಇರುತ್ತದೆ. ಈ ಅಂತರಕ್ಕೆ ಕಾರಣವುಂಟು. ಪೊಟರೆ ಭದ್ರವಾದುದು, ತೆರೆದ ಬಟ್ಟಲು ಕಾಗೆ, ಬೆಕ್ಕು, ಹಾವುಗಳಿಗೆ ಸುಲಭವಾಗಿ ಸಿಕ್ಕುವಂತಹುದು. ಮರಿಗಳೆಲ್ಲ ಒಂದೆಡೆ ಇದ್ದರೆ ಒಂದೇ ಏಟಿಗೆ ಎಲ್ಲವೂ ಹೋಗುತ್ತವೆ. ಆದುದರಿಂದ ರೆಕ್ಕೆ ಬಲಿಯುವ ಮುನ್ನವೇ ಅವು ಹೊರಬಿದ್ದು ಪೊದೆಗಳಲ್ಲಿ ಚದುರಿ ಅಡಗುತ್ತವೆ. ತಂದೆತಾಯಿಗಳು ಕೂಗಿನ ಗುರುತು ಹಿಡಿದು ಅಲ್ಲಿಗೇ ಬಂದು ಉಣಿಸುತ್ತವೆ. ಅಂದರೆ ನೆಲದ ಮೇಲೆ ಕುಳಿತ ಮರಿ ಅನಾಥವೆಂದು ಭಾವಿಸಬೇಕಾಗಿಲ್ಲ. ನಾವು ಪಕ್ಕದಲ್ಲಿ ನಿಂತಿರುವುದರಿಂದಲೇ ತಾಯಿ ಹತ್ತಿರ ಬಾರದಿರಬಹುದು.

ಹಾಗಾದರೆ ನಮ್ಮ ಕರ್ತವ್ಯವೇನು? ಮೈತುಂಬ ಗರಿ ಬಂದ ಮರಿಯನ್ನು ಹತ್ತಿರದ ಪೊದೆಯ ಕೊಂಬೆಯ ಮೇಲೆ ಕೂರಿಸಿ ದೂರ ಸರಿದು ನೋಡಬೇಕು. ಗರಿಯಿಲ್ಲದ ಮರಿ ಬಿದ್ದಿದ್ದರೆ ಗೂಡನ್ನು ಹುಡುಕಿ ಅದರೊಳಗಿಡಬೇಕು. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ತ್ಯಜಿಸುತ್ತದೆಂಬ ಮಾತು ನಮ್ಮ ಮನೆಗಳಲ್ಲಿ ರೂಢವಾಗಿದೆಯಾದರೂ ಅದರಲ್ಲಿ ಹುರುಳಿಲ್ಲ. ರಕ್ತ ಸುರಿಯುತ್ತಿದ್ದರೆ ಅಥವಾ ಬೆಕ್ಕು ಕಚ್ಚಿದ್ದರೆ ಮಾತ್ರ, ಗಾಳಿಯಾಡುವ ಪೆಟ್ಟಿಗೆಯಲ್ಲಿ ಬೆಚ್ಚಗಿರಿಸಿ ಏನನ್ನೂ ತಿನ್ನಿಸದೆ ಕೂಡಲೇ ಚಿಕಿತ್ಸೆಗೆ ಒಯ್ಯಬೇಕು. ಕೆಂಗೇರಿಯ ಬಳಿ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆಯಿದೆ. ಗಿಳಿಮರಿ ದೊರೆತರೆ ಪಂಜರದಲ್ಲಿಟ್ಟು ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದು ಅಪರಾಧ.

ಹಿತ್ತಿಲ ಪೊದೆಗಳನ್ನು ಬೇಸಗೆಯಲ್ಲಿ ಸವರುವ ವಾಡಿಕೆಯಿದ್ದರೆ ಮಳೆಗಾಲ ಕಳೆಯುವವರೆಗೆ ಮುಂದೂಡಿರಿ. ಮನೆಯ ಬೆಕ್ಕನ್ನು ಒಂದು ವಾರ ಒಳಗಿರಿಸಿಕೊಳ್ಳಿರಿ. ಮಕ್ಕಳನ್ನು ಕಿಟಕಿಯ ಬಳಿ ಕೂರಿಸಿಕೊಂಡು, ತಾಯಿಹಕ್ಕಿ ಗುಟುಕು ತರುವುದನ್ನು ಸದ್ದಿಲ್ಲದೆ ತೋರಿಸಿರಿ.